ಎವೆಲಿಯೋ ಬೀಗರಿಗೆ ಮೊಸಳೆ ತೋರಿಸಿದ್ದು

ಬಾಯಿ ತುಂಬ ತಿಂಡಿ ಇಟ್ಟುಕೊಂಡು ಬೀಗರ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬ ಲೋಕಜ್ಞಾನ ಎವೆಲಿಯೋನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಬಂತು. ಬಂದದ್ದೇನೋ ಒಳ್ಳೆಯದೇ, ಆದರೆ ಉತ್ತರ ಕೊಟ್ಟಾದ ಮೇಲೆ ಬಂತು.

ಅವತ್ತು ಮಗಳು ಯಾನೆಲಿಸಳ ನಿಶ್ಚಿತಾರ್ಥ. ಟ್ಯಾಂಪಾದಿಂದ ಹಯಲೀಯಾಕ್ಕೆ ಬಂದಿದ್ದ ಬೀಗರು ಸೋಫಾದ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಬೀಗ ಲಿಸಾರ್ದೋ ನಿವೃತ್ತ ಭೂಗೋಳದ ಮೇಷ್ಟ್ರು. ನಾಲ್ಕು ಜೇಬಿನ ಬಿಳಿ ಅಂಗಿ, ಆ ಸೆಕೆಯಲ್ಲೂ ಕುತ್ತಿಗೆಯವರೆಗೆ ಗುಂಡಿ. ಅವರ ಹೆಂಡತಿ ಓಬ್ದುಲಿಯಾ ಬೀಸಣಿಗೆ ಬೀಸಿಕೊಳ್ಳುತ್ತಾ ಪರದೆಗಳ ಗುಣಮಟ್ಟವನ್ನು ಅಳೆಯುತ್ತಿದ್ದರು. ಗೋಡೆಯ ಮೇಲೊಂದು ಫೋಟೋ ಇತ್ತು. ಆಕಾಶನೀಲಿ ಬಣ್ಣದ ಐವತ್ತಾರನೇ ಇಸವಿಯ ಶೆವರ್ಲೆ ಕಾರು, ಅದರ ಮೇಲೆ ಮೊಣಕೈ ಊರಿಕೊಂಡು ಮಹಾರಾಜನ ಗತ್ತಿನಲ್ಲಿ ನಿಂತ ಎವೆಲಿಯೋ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ನೋಡಿ, "ಭಲೇ! ಕಾರು ನಿಮ್ದಾ ಬೀಗರೇ?" ಎಂದರು.

ಎವೆಲಿಯೋನ ಬಾಯೊಳಗೆ ಆಗಷ್ಟೇ ಒಂದಿಡೀ ಕ್ರೊಕೆಟ್ಟು ಹೋಗಿತ್ತು. ಎಣ್ಣೆಯಿಂದ ಎತ್ತಿ ಇನ್ನೂ ಆರಿರಲಿಲ್ಲ. ಅವನು ತಲೆ ಅಲ್ಲಾಡಿಸಿದ. ಅಲ್ಲ ಎನ್ನಲೆಂದೇ ಹೊರಟದ್ದು, ನಾಲಿಗೆ ಸುಟ್ಟ ಉರಿಗೆ ತಲೆ ಅಡ್ಡಡ್ಡ ಹೋಗುವ ಬದಲು ಮೇಲೆ ಕೆಳಗೆ ಹೋಯಿತು ಎಂದು ಆಮೇಲೆ ಹೆಂಡತಿಗೆ ವಿವರಣೆ ಕೊಟ್ಟ. ಹೆಂಡತಿ ನಂಬಲಿಲ್ಲ. ನಾವೂ ನಂಬಬೇಕಾದ ಅಗತ್ಯವಿಲ್ಲ, ಯಾಕೆಂದರೆ ಕ್ರೊಕೆಟ್ಟು ಗಂಟಲಿಗಿಳಿದ ಮೇಲೂ ಅವನು ತಿದ್ದಿಕೊಳ್ಳಲಿಲ್ಲ.

"ಎಲ್ಲಿಗೆ ಓಡಿಸ್ತೀರಿ ಇಂಥಾ ಕಾರನ್ನ?"

"ಎವರ್‌ಗ್ಲೇಡ್ಸ್‌ಗೆ," ಎಂದ ಎವೆಲಿಯೋ. "ಪ್ರತಿ ಭಾನುವಾರ ಅಲ್ಲಿಗೊಂದು ಸುತ್ತು ಹೋಗಿ ಬರ್ದಿದ್ರೆ ನಂಗೆ ಊಟ ಸೇರಲ್ಲ ಬೀಗರೇ. ಅಲ್ಲಿನ ಮೊಸಳೆಗಳೆಲ್ಲ ನನ್ನ ಗುರುತು ಹಿಡೀತಾವೆ."

ಎವೆಲಿಯೋ ಹಯಲೀಯಾದಲ್ಲಿ ಮೂವತ್ತು ವರ್ಷದಿಂದ ಹಾಸಿಗೆ ಮಾರುತ್ತಿದ್ದಾನೆ. ತಾನು ಎಂದೂ ಮಲಗದ ಹಾಸಿಗೆಯನ್ನು ಕಣ್ಣಲ್ಲಿ ನೀರು ಬರುವಂತೆ ಹೊಗಳುವುದು ಅವನಿಗೆ ದಿನದ ಕಸುಬು. ಎವರ್‌ಗ್ಲೇಡ್ಸೂ ಅಂಥದೇ. ಮನೆಯಿಂದ ಒಂದು ಗಂಟೆಯ ದಾರಿಯಲ್ಲಿರುವ ಜವುಗು ಪ್ರದೇಶ, ಅವನು ಒಮ್ಮೆಯೂ ಅತ್ತ ತಲೆ ಹಾಕಿರಲಿಲ್ಲ. ಸೊಳ್ಳೆ ಕಚ್ಚಿಸಿಕೊಳ್ಳಲು ಪೆಟ್ರೋಲು ಯಾಕೆ ಸುಡಬೇಕು, ಹಿತ್ತಲಲ್ಲೇ ಬೇಕಾದಷ್ಟಿವೆ ಎನ್ನುವುದು ಅವನ ವಾದವಾಗಿತ್ತು. ಇನ್ನು ಕಾರು ಅವನ ಹೆಂಡತಿಯ ತಮ್ಮ ರಿಗೋಬೆರ್ತೋನದು.

ಇಷ್ಟಕ್ಕೇ ನಿಂತಿದ್ದರೆ ಕಥೆಯಾಗುತ್ತಿರಲಿಲ್ಲ. ಕಾಫಿ ಬಂದ ಮೇಲೆ ಮೇಷ್ಟ್ರು ಗಂಭೀರವಾಗಿ ಒಂದು ವಿಷಯ ಹೇಳಿದರು. ಅವರ ಹಿರಿಯ ಮಗನಿಗೆ ಮೊದಲೊಂದು ಸಂಬಂಧ ಗೊತ್ತಾಗಿತ್ತಂತೆ. ಹುಡುಗಿಯ ಅಪ್ಪ ತನ್ನದೆಂದು ಒಂದು ದೋಣಿ ತೋರಿಸಿದ. ಆಮೇಲೆ ನೋಡಿದರೆ ದೋಣಿ ಪಕ್ಕದ ಮನೆಯವನದು.

"ಒಂದು ದೋಣಿ ವಿಷಯದಲ್ಲೇ ಸುಳ್ಳಾಡೋನು ಇನ್ನು ಮಗಳ ವಿಷಯದಲ್ಲಿ ಏನೇನು ಮುಚ್ಚಿಟ್ಟಿರ್ತಾನೋ! ಕಾಫೀನೂ ಕುಡೀದೆ ಎದ್ದು ಬಂದ್ಬಿಟ್ಟೆ," ಎಂದರು ಲಿಸಾರ್ದೋ, ಕಾಫಿ ಕುಡಿಯುತ್ತಾ. "ನಿಮ್ಮಂಥ ಸರಳ ಜನ ಸಿಕ್ಕಿದ್ದು ನಮ್ಮ ಪುಣ್ಯ. ಮುಂದಿನ ತಿಂಗಳು ಬರ್ತೀವಲ್ಲ, ನಮ್ಮನ್ನೂ ಆ ಕಾರಲ್ಲೇ ಎವರ್‌ಗ್ಲೇಡ್ಸ್‌ಗೆ ಕರ್ಕೊಂಡು ಹೋಗಿ. ನಂಗೆ ಹಕ್ಕಿ ಅಂದ್ರೆ ಪ್ರಾಣ."

ಬೀಗರು ಹೊರಟ ಮೇಲೆ ಎವೆಲಿಯೋನ ಹೆಂಡತಿ ಮಿಗ್ದಾಲಿಯಾ ಅವನನ್ನು ಅಡಿಗೆಮನೆಗೆ ಕರೆದಳು. "ನಿನ್ನ ಬಾಯಿಗೆ ನಿನ್ನಂಗಡಿ ಹಾಸಿಗೇನೇ ತುರುಕ್ಬೇಕು! ಮದುವೆ ಮುರಿದ್ರೆ ಆ ಹುಡುಗಿ ಮುಖ ಹೆಂಗೆ ನೋಡ್ತೀಯಾ?"

"ರಿಗೋನ ಕೇಳೋಣ ಕಣೇ. ಒಂದು ದಿನಕ್ಕೆ ತಾನೇ."

"ಅವನು ಆ ಕಾರಿಗೆ ಬಿಸಿಲು ತಾಗಿದ್ರೇ ಮುಖ ಬಾಡಿಸ್ಕೋತಾನೆ. ಸುಳ್ಳು ಹೇಳಿದ್ದೀಯ ಅಂತ ಗೊತ್ತಾದ್ರಂತೂ ಊರಿಗೆಲ್ಲ ಡಂಗುರ ಹೊಡೀತಾನೆ."

ಆದ್ದರಿಂದ ರಿಗೋನಿಗೆ ಬೀಗಿತ್ತಿಯ ಸೊಂಟನೋವಿನ ಕಥೆ ಹೇಳಲಾಯಿತು. ಓಬ್ದುಲಿಯಾರಿಗೆ ಹೊಸ ಕಾರುಗಳ ಸೀಟು ಒಗ್ಗುವುದಿಲ್ಲ, ಹಳೆಯ ಕಾಲದ ಮೆತ್ತನೆಯ ಸೀಟೇ ಬೇಕೆಂದು ವೈದ್ಯರು ಹೇಳಿದ್ದಾರೆ, ಎಲ್ಲ ಸೋದರಸೊಸೆಯ ಒಳಿತಿಗಾಗಿ, ಇತ್ಯಾದಿ. ರಿಗೋ ಬಾಗಿಲ ಬೀಗ ರಿಪೇರಿ ಮಾಡುವವನು, ಒಂಟಿ ಮನುಷ್ಯ. ಯೌವನದ ಮುಕ್ಕಾಲು ಪಾಲನ್ನು ಆ ಕಾರಿನ ಅಡಿಯಲ್ಲಿ ಅಂಗಾತ ಮಲಗಿ ಕಳೆದಿದ್ದ. ಯಾನೆಲಿಸಳ ಹೆಸರು ಬಂದ ಮೇಲೆ ಇಲ್ಲವೆನ್ನಲಾಗಲಿಲ್ಲ. ಆ ಹುಡುಗಿ ನಡೆಯಲು ಕಲಿತದ್ದೇ ಅವನ ಬೆರಳು ಹಿಡಿದು.

ಮುಂದಿನ ತಿಂಗಳು ಬೀಗರು ಬಂದ ಭಾನುವಾರ ಬೆಳಿಗ್ಗೆ ಬೀಗದ ಕೈ ಕೊಡುವ ಮುಂಚೆ ಅವನು ಭಾವನನ್ನು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿಸಿದ.

"ಒಳಗೆ ಏನೂ ತಿನ್ನಂಗಿಲ್ಲ. ಬಾಗಿಲು ಹಾಕೋದು ಹಿಂಗೆ, ಕೂಸು ಮಲಗಿರೋ ಕೋಣೆ ಬಾಗಿಲು ಹಾಕ್ದಂಗೆ. ಹಾರ್ನ್ ಹೊಡೀಬೇಡ."

"ಅಡ್ಡ ಬಂದ್ರೆ?"

"ಬಾಯಲ್ಲೇ ಕೂಗು. ಈ ಗಾಜಿನ ಸುತ್ತ ರಬ್ಬರಿದೆ ನೋಡು, ಮುಟ್ಟು. ಏ, ಅಷ್ಟು ಜೋರಾಗಲ್ಲ! ಒಹಾಯೋದಲ್ಲಿ ಒಬ್ಬ ಮುದುಕ ಕೈಯಲ್ಲೇ ಮಾಡ್ತಿದ್ದ. ಈಗ ಸತ್ತೋದ. ಪ್ರಪಂಚ ಹುಡುಕಿದ್ರೂ ಇನ್ನೊಂದು ಸಿಗಲ್ಲ. ಮರದ ಕೆಳಗಂತೂ ನಿಲ್ಲಿಸ್ಲೇಬೇಡ, ಹಕ್ಕಿ ಹಿಕ್ಕೆ ಹಾಕ್ತವೆ."

"ಹಕ್ಕಿ ಹತ್ರಾನೂ ಸುಳಿಯಲ್ಲ, ಬಿಡೋ," ಎಂದು ಎವೆಲಿಯೋ ಮಾತು ಕೊಟ್ಟ.

ದಾರಿಯುದ್ದಕ್ಕೂ ಬೀಗರು ಸಂತೋಷವಾಗಿದ್ದರು. ಹಿಂದಿನ ಸೀಟಿನಲ್ಲಿ ಓಬ್ದುಲಿಯಾರ ಪಕ್ಕ ಕೂತ ಮಿಗ್ದಾಲಿಯಾ ಸೀಬೆಹಣ್ಣಿನ ಸಿಹಿ ತುಂಬಿದ ತಿಂಡಿಯ ಡಬ್ಬಿಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಬೀಗಿತ್ತಿ ಎರಡು ಸಲ ಡಬ್ಬಿಯ ಕಡೆ ನೋಡಿದರು. "ಅಲ್ಲಿ ಹೋಗಿ ತಿನ್ನೋಣ, ಗಾಳಿಯಲ್ಲಿ ರುಚಿ ಜಾಸ್ತಿ," ಎಂದಳು ಮಿಗ್ದಾಲಿಯಾ. ಹೋಮ್‌ಸ್ಟೆಡ್ ಊರು ದಾಟಿದರೆ ತರಕಾರಿ ಹೊಲಗಳು, ಹೊಲಗಳು ಮುಗಿದರೆ ದಿಗಂತದವರೆಗೆ ನೀರಲ್ಲಿ ನಿಂತ ಹುಲ್ಲು. ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಎವೆಲಿಯೋ ಎರಡು ಸಲ ತಪ್ಪು ತಿರುವು ತೆಗೆದುಕೊಂಡ. ಎರಡು ಸಲವೂ ಅದು ಒಳ್ಳೆಯ ನೋಟಕ್ಕಾಗಿ ಬೇಕೆಂದೇ ತೆಗೆದುಕೊಂಡ ತಿರುವು ಎಂದು ವಿವರಿಸಿದ.

ವಾಹನ ನಿಲ್ಲಿಸುವ ಜಾಗ ತಲುಪಿದಾಗ ಒಂದು ವಿಚಿತ್ರ ಕಂಡಿತು. ಅಲ್ಲಿದ್ದ ಕಾರುಗಳಿಗೆಲ್ಲ ನೀಲಿ ಟಾರ್ಪಾಲು ಹೊದಿಸಿ, ಕೊಕ್ಕೆ ಇದ್ದ ಎಲಾಸ್ಟಿಕ್ ಹಗ್ಗದಿಂದ ಬಿಗಿದಿದ್ದರು. ಒಂದು ದೊಡ್ಡ ಪೆಟ್ಟಿಗೆಯಲ್ಲಿ ಇನ್ನಷ್ಟು ಟಾರ್ಪಾಲು ಇಟ್ಟಿದ್ದರು. ಪಕ್ಕದಲ್ಲಿ ಇಂಗ್ಲಿಷಿನ ಬೋರ್ಡು. ಎವೆಲಿಯೋನ ಇಂಗ್ಲಿಷು ಹಾಸಿಗೆಯ ಅಳತೆಗಳಿಗೆ ಸಾಕಾಗುವಷ್ಟಿತ್ತು. ಎಲ್ಲರೂ ಸ್ಪ್ಯಾನಿಷ್ ಆಡುವ ಹಯಲೀಯಾದಲ್ಲಿ ಅದಕ್ಕಿಂತ ಹೆಚ್ಚು ಯಾರಿಗೂ ಬೇಕಾಗುವುದಿಲ್ಲ.

"ಇದ್ಯಾಕೆ ಬೀಗರೇ, ಕಾರಿಗೆಲ್ಲ ಕಂಬಳಿ ಹೊದಿಸಿದ್ದಾರೆ?" ಎಂದು ಮೇಷ್ಟ್ರು ಕೇಳಿದರು.

ಪ್ರತಿ ಭಾನುವಾರ ಬರುವ ಮನುಷ್ಯ ಗೊತ್ತಿಲ್ಲ ಎನ್ನುವುದು ಹೇಗೆ? "ಬಿಸಿಲಿಗೆ," ಎಂದ ಎವೆಲಿಯೋ ತಡಮಾಡದೆ. "ಎಲ್ಲ ಉತ್ತರದ ಕಡೆಯ ಪ್ರವಾಸಿಗಳು. ಒಂದು ಚೂರು ಬಿಸಿಲು ಬಿದ್ರೆ ತಾವೂ ಎಣ್ಣೆ ಬಳ್ಕೋತಾರೆ, ಕಾರಿಗೂ ಬಟ್ಟೆ ಹೊದಿಸ್ತಾರೆ. ನಮ್ಮಂಥ ಸ್ಥಳೀಕರು ಇದಕ್ಕೆಲ್ಲ ತಲೆ ಕೆಡಿಸ್ಕೊಳ್ಳಲ್ಲ."

ಅವನು ಮರಗಳನ್ನೆಲ್ಲ ಬಿಟ್ಟು ಬಯಲಿನ ನಟ್ಟನಡುವೆ ಕಾರು ನಿಲ್ಲಿಸಿದ. ಮಾತು ಕೊಟ್ಟಮೇಲೆ ಕೊಟ್ಟಂತೆ ನಡೆಯುವ ಮನುಷ್ಯ. ದೂರದಲ್ಲಿ ಅಗಲ ಟೋಪಿಯ ಅರಣ್ಯ ಕಾವಲುಗಾರ್ತಿಯೊಬ್ಬಳು ನಿಂತಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ನೀಲ್ಸಾ ಎಂದು ಹೆಸರಿತ್ತು, ಮಾತು ಪೋರ್ಟೊರಿಕೊ ಕಡೆಯದು. ಇವರ ಮಾತು ಕಿವಿಗೆ ಬಿದ್ದು ಸ್ಪ್ಯಾನಿಷಿನಲ್ಲೇ ಕೂಗಿದಳು. "ಯಜಮಾನ್ರೇ, ಟಾರ್ಪಾಲು ಹೊದಿಸಿಬಿಟ್ರೆ ಒಳ್ಳೇದು!"

"ನಾವು ಇಲ್ಲಿಯವ್ರೇ ಕಣಮ್ಮಾ! ಪ್ರತಿ ವಾರ ಬರೋವ್ರು!"

"ಹಾಗಾದ್ರೆ ನಿಮಗೆ ನಾನೇನು ಹೇಳೋದು," ಎಂದು ಆಕೆ ಭುಜ ಕುಣಿಸಿದಳು. ಮೇಷ್ಟ್ರು ಹೆಂಡತಿಯ ಕಡೆ ನೋಡಿ ಮೆಚ್ಚುಗೆಯಿಂದ ತಲೆದೂಗಿದರು.

ನೀರಿನ ಮೇಲೆ ಹಲಗೆ ಹಾಸಿ ಮಾಡಿದ ಕಾಲುದಾರಿ. ಎರಡೂ ಕಡೆ ತಾವರೆಯಂಥ ಅಗಲ ಎಲೆಗಳು, ಅವುಗಳ ಸಂದಿಯಲ್ಲಿ ಆಮೆಗಳು, ಕೆಳಗೆ ಉದ್ದ ಮೂತಿಯ ಮೀನುಗಳು. ಎವೆಲಿಯೋ ಕೈ ಹಿಂದೆ ಕಟ್ಟಿಕೊಂಡು, ತನ್ನ ಜಮೀನು ತೋರಿಸುವವನ ಹಾಗೆ ಮುಂದೆ ನಡೆದ. ಕೊಂಬೆಯ ಮೇಲೆ ಕಪ್ಪು ಹಕ್ಕಿಯೊಂದು ರೆಕ್ಕೆ ಹರಡಿ ಅಲ್ಲಾಡದೆ ನಿಂತಿತ್ತು.

"ಅದಕ್ಕೆ ಸೆಕೆ," ಎಂದ ಎವೆಲಿಯೋ. "ಕಂಕುಳಿಗೆ ಗಾಳಿ ಹಾಕಿಸ್ಕೋತಿದೆ."

"ಹಾವಕ್ಕಿ ಅಲ್ವಾ ಬೀಗರೇ ಅದು? ನೀರಲ್ಲಿ ಮುಳುಗಿ ಮೀನು ಹಿಡಿದು, ಆಮೇಲೆ ರೆಕ್ಕೆ ಒಣಗಿಸ್ಕೊಳ್ಳುತ್ತೆ ಅಂತ ಓದಿದ್ದೆ."

"ಪುಸ್ತಕದಲ್ಲಿ ಹಂಗೇ ಬರೆದಿರ್ತಾರೆ."

ಮೇಷ್ಟ್ರು ದೊಡ್ಡ ಮನುಷ್ಯ, ಸುಮ್ಮನಾದರು. ಎಲೆಗಳ ಮೇಲೆ ಕಾಲೂರಿ ನಡೆಯುತ್ತಿದ್ದ ನೇರಳೆ ಬಣ್ಣದ ನೀರುಕೋಳಿಯನ್ನು ಎವೆಲಿಯೋ ಯಾರೋ ಸಾಕಿದ್ದು ತಪ್ಪಿಸಿಕೊಂಡು ಬಂದಿದೆ ಎಂದಾಗಲೂ ಸುಮ್ಮನಿದ್ದರು. ಮುಂದೆ ದಡದ ಮೇಲೆ ಮೊಸಳೆಯೊಂದು ಬಿದ್ದುಕೊಂಡಿತ್ತು. ಅದು ಉಸಿರಾಡುವ ಯಾವ ಲಕ್ಷಣವೂ ಕಾಣಲಿಲ್ಲ. "ಇದು ಸಿಮೆಂಟಿನದಾ?" ಎಂದು ಓಬ್ದುಲಿಯಾ ಕೇಳಿದರು.

"ಸಿಮೆಂಟೇ! ಇವನು ಪಾಂಚೋ, ಬೀಗಿತ್ತಿಯವ್ರೇ. ನಮ್ಮವನೇ." ಎವೆಲಿಯೋ ಕಟಕಟೆಯ ಮೇಲೆ ಬಾಗಿ ಚಪ್ಪಾಳೆ ತಟ್ಟಿದ. "ಏ ಪಾಂಚೋ! ಯಾರು ಬಂದಿದ್ದಾರೆ ನೋಡೋ!"

ಪಾಂಚೋ ಯಾರು ಬಂದಿದ್ದಾರೆಂದು ನೋಡಿತು. ನೋಡಿ ಬಾಯನ್ನು ಪೂರಾ ತೆರೆದು, ಕುಕ್ಕರಿನ ಹಬೆ ಬಿಟ್ಟಂತೆ ಬುಸುಗುಟ್ಟಿತು. ಮಿಗ್ದಾಲಿಯಾ ಬೆಂಚಿನ ಮೇಲೆ ಹತ್ತಿದಳು. ಎವೆಲಿಯೋ ಅವಳಿಗಿಂತ ಮೊದಲೇ ಹತ್ತಿದ್ದ.

"ಪ್ರೀತಿ ಜಾಸ್ತಿಯಾದ್ರೆ ಹಂಗೇ ಮಾಡ್ತಾನೆ," ಎಂದು ಬೆಂಚಿನ ಮೇಲಿಂದಲೇ ಹೇಳಿದ.

ಆಗ ಅವನ ಫೋನು ಬಡಿದುಕೊಂಡಿತು. ರಿಗೋ. ಎವೆಲಿಯೋ ನಾಲ್ಕು ಹೆಜ್ಜೆ ಆಚೆ ಹೋಗಿ ದನಿ ತಗ್ಗಿಸಿದ.

"ಭಾವಾ, ಹೆಂಗಿದೆ?"

"ಚೆನ್ನಾಗಿದೆ ಕಣೋ, ಮೊಸಳೆ, ಆಮೆ..."

"ಮೊಸಳೆ ಮನೆ ಹಾಳಾಗ! ಕಾರು ಹೆಂಗಿದೆ?"

"ಬಯಲಲ್ಲಿ ನಿಲ್ಲಿಸಿದ್ದೀನಿ. ಸುತ್ತ ಒಂದು ಗಿಡ ಇಲ್ಲ, ನಿನ್ನಾಣೆ."

"ನಂಗ್ಯಾಕೋ ಮನೇಲಿ ಕೂರಕ್ಕಾಗ್ತಿಲ್ಲ ಭಾವಾ. ಖಾಲಿ ಶೆಡ್ಡು ನೋಡಿದ್ರೆ ಅಳು ಬರುತ್ತೆ. ಪಕ್ಕದ ಮನೆ ಲಾಂಡ್ರಿ ವ್ಯಾನ್ ಇಸ್ಕೊಂಡು ಹೊರಟಿದ್ದೀನಿ, ಹೋಮ್‌ಸ್ಟೆಡ್‌ಗೆ ಬಂದಾಯ್ತು. ದೂರದಿಂದ ಒಂದ್ಸಲ ನೋಡಿ ಹೊರಟೋಗ್ತೀನಿ."

ಎವೆಲಿಯೋ ಫೋನು ಜೇಬಿಗಿಟ್ಟ. ರಿಗೋ ಬಂದು ಬೀಗರ ಮುಂದೆ ನನ್ನ ಕಾರು ಎಂದು ಒಂದೇ ಒಂದು ಮಾತಾಡಿದರೆ ಮುಗಿಯಿತು, ಯಾನೆಲಿಸಳ ಮದುವೆಗೆ ಅದೇ ಮಂಗಳಾರತಿ. ಅವನು ಹೆಂಡತಿಯ ಕಿವಿಯಲ್ಲಿ ಹೇಳಿದ. ಹೆಂಡತಿ ಅವನ ತೋಳನ್ನು ಹಿಂಡಿದಳು. ಅಷ್ಟರಲ್ಲಿ ಮೇಷ್ಟ್ರು ಆಕಾಶದತ್ತ ಬೆರಳು ತೋರಿಸಿದರು. ಮರಗಳ ಆಚೆ, ಅವರು ಬಂದ ದಿಕ್ಕಿನಲ್ಲೇ, ಕಪ್ಪು ರಣಹದ್ದುಗಳು ಸುತ್ತು ಹಾಕುತ್ತಾ ಒಂದೊಂದಾಗಿ ಕೆಳಗಿಳಿಯುತ್ತಿದ್ದವು.

ಇದೊಂದು ವಿಷಯ ಎವೆಲಿಯೋನಿಗೆ ನಿಜವಾಗಿ ಗೊತ್ತಿತ್ತು. ಕ್ಯೂಬಾದ ಹಳ್ಳಿಯಲ್ಲಿ ಬೆಳೆದವನು. ಹದ್ದು ಎಲ್ಲಿ ಇಳಿಯುತ್ತದೋ ಅಲ್ಲಿ ಹೆಣವಿದೆ ಎಂಬುದು ಅಲ್ಲಿ ಹಸುಗೂಸಿಗೂ ತಿಳಿದ ಸಂಗತಿ. "ಪಾಪ, ಅಲ್ಲೇನೋ ಸತ್ತಿದೆ," ಎಂದ.

"ಜಿಂಕೆ ಇರಬಹುದಾ?"

"ಇಷ್ಟೊಂದು ಹದ್ದು ಇಳೀತಿವೆ ಅಂದ್ರೆ ದೊಡ್ಡ ಪ್ರಾಣೀನೇ. ನಮ್ಮೂರಲ್ಲಿ ಒಂದು ಎತ್ತು ಸತ್ತಾಗ ಹಿಂಗೇ ಬಂದಿದ್ವು. ಅರ್ಧ ಗಂಟೇಲಿ ಮೂಳೆ ಬಿಟ್ಟು ಏನೂ ಉಳೀಲಿಲ್ಲ."

"ಯಾವ ತಾಯಿ ಹೆತ್ತ ಜೀವವೋ," ಎಂದು ಓಬ್ದುಲಿಯಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಮೇಷ್ಟ್ರು ಟೋಪಿ ತೆಗೆದರು. ನಾಲ್ವರೂ ಅಗಲಿದ ಆ ಪ್ರಾಣಿಗಾಗಿ ಮೌನವಾಗಿ ನಿಂತರು. ಆ ಮೌನವನ್ನು ಮುರಿಯುತ್ತಾ ಹಲಗೆಯ ಮೇಲೆ ಬೂಟಿನ ಸದ್ದು ಧಡಧಡ ಬಂತು. ನೀಲ್ಸಾ ಓಡಿ ಬರುತ್ತಿದ್ದಳು.

"ಆಕಾಶನೀಲಿ ಬಣ್ಣದ ಹಳೇ ಕಾರು ಯಾರ್ದು?"

"ನಮ್ಮ ಬೀಗರದ್ದು!" ಎಂದರು ಮೇಷ್ಟ್ರು ಹೆಮ್ಮೆಯಿಂದ.

"ಬೇಗ ಬನ್ನಿ. ಹದ್ದು ತಿಂತಾ ಇವೆ!"

ಅವರು ಹೋಗಿ ನೋಡುವ ಹೊತ್ತಿಗೆ ಕಾರಿನ ಮೇಲೆ ಮದುವೆಯ ಪಂಕ್ತಿಯೇ ಕೂತಿತ್ತು. ಬಾನೆಟ್ಟಿನ ಮೇಲೆ ಒಂದು ಸಾಲು, ಮಾಡಿನ ಮೇಲೆ ಒಂದು ಸಾಲು. ಎರಡು ಹದ್ದುಗಳು ಮುಂದಿನ ಗಾಜಿನ ರಬ್ಬರನ್ನು ಎರಡು ತುದಿಯಲ್ಲಿ ಕಚ್ಚಿ ಶ್ಯಾವಿಗೆಯಂತೆ ಎಳೆಯುತ್ತಿದ್ದವು. ಗಾಜು ಒರೆಸುವ ಕಡ್ಡಿಗಳಲ್ಲಿ ಬರಿಯ ಕಬ್ಬಿಣ ಉಳಿದಿತ್ತು. ಹಿಂದಿನ ಗಾಜಿನದಂತೂ ಆಗಲೇ ಊಟ ಮುಗಿದು ಕೈ ತೊಳೆದಾಗಿತ್ತು. ಎವೆಲಿಯೋ ಅಂಗಿ ಬಿಚ್ಚಿ ಬೀಸುತ್ತಾ ಓಡಿದ. ಹದ್ದುಗಳು ಅವಸರವಿಲ್ಲದೆ ಇಳಿದು, ನಾಲ್ಕು ಹೆಜ್ಜೆ ಆಚೆ ಹೋಗಿ, ಅವನು ಯಾವಾಗ ಹೋಗುತ್ತಾನೆಂದು ಕಾಯುತ್ತಾ ನಿಂತವು.

"ಇವಕ್ಕೆ ರಬ್ಬರಂದ್ರೆ ಹುಚ್ಚು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ," ಎಂದಳು ನೀಲ್ಸಾ. "ಅದಕ್ಕೇ ಅಲ್ವಾ ಟಾರ್ಪಾಲು ಇಟ್ಟಿರೋದು. ಬೋರ್ಡಲ್ಲೇ ಬರೆದಿದೆ."

ಮೇಷ್ಟ್ರು ನಿಧಾನವಾಗಿ ಎವೆಲಿಯೋನ ಕಡೆ ತಿರುಗಿದರು. ಮೂವತ್ತೈದು ವರ್ಷ ತರಗತಿಯಲ್ಲಿ ಕಾಪಿ ಹಿಡಿದ ಕಣ್ಣು. "ಪ್ರತಿ ಭಾನುವಾರ ಬರ್ತೀರಿ ಬೀಗರೇ. ಇದು ನಿಮಗೆ ಗೊತ್ತಿರ್ಲಿಲ್ವಾ?"

ಬನಿಯನ್ನಿನಲ್ಲಿ ನಿಂತಿದ್ದ ಎವೆಲಿಯೋ ಕಾರು ನೋಡಿದ, ಹದ್ದು ನೋಡಿದ, ಬೀಗರ ಮುಖ ನೋಡಿದ. ಮೂವತ್ತು ವರ್ಷ ಹಾಸಿಗೆ ಮಾರಿದ ನಾಲಿಗೆ ಅವನನ್ನು ಕೇಳದೆಯೇ ಕೆಲಸ ಶುರು ಮಾಡಿತು.

"ಗೊತ್ತಿತ್ತು ಬೀಗರೇ. ಗೊತ್ತಿಲ್ದೇ ಏನು. ಆದ್ರೆ ಎಲ್ರೂ ಮುಚ್ಚಿಟ್ಕೊಂಡ್ರೆ ಪಾಪ, ಅವು ಏನು ತಿನ್ನಬೇಕು?"

ಮೇಷ್ಟ್ರು ತೆಗೆದಿದ್ದ ಟೋಪಿಯನ್ನು ಇನ್ನೂ ಹಾಕಿಕೊಂಡಿರಲಿಲ್ಲ, ಈಗ ಅದನ್ನು ಎದೆಗೆ ಒತ್ತಿಕೊಂಡರು. ನೀಲ್ಸಾ ಮಾತ್ರ, "ರಬ್ಬರು ತಿನ್ನೋದು ಅವುಗಳ ಹೊಟ್ಟೆಗೂ ಒಳ್ಳೇದಲ್ಲ ಯಜಮಾನ್ರೇ," ಎಂದು ಹೇಳಿ ಟಾರ್ಪಾಲಿನ ಪೆಟ್ಟಿಗೆಯತ್ತ ಬೆರಳು ತೋರಿಸಿ ಹೋದಳು.

ಹೌದು, ಟಾರ್ಪಾಲು! ರಿಗೋ ಬರುತ್ತಿದ್ದಾನಲ್ಲ! ಎವೆಲಿಯೋ ಪೆಟ್ಟಿಗೆಗೆ ಓಡಿ, ಎರಡು ಟಾರ್ಪಾಲು ತಂದು, ಹೆಂಡತಿಯನ್ನು ಆ ಕಡೆ ನಿಲ್ಲಿಸಿಕೊಂಡು ಗಡಿಬಿಡಿಯಲ್ಲಿ ಕಾರಿಗೆ ಹೊದಿಸತೊಡಗಿದ.

"ತಿಂದು ಮುಗಿಸಿದ ಮೇಲೆ ಯಾಕೆ ಮುಚ್ತೀರಿ ಬೀಗರೇ?" ಎಂದು ಮೇಷ್ಟ್ರು ಕೇಳಿದರು.

"ಮಾನ ಮುಚ್ಚೋಕೆ," ಎಂದ ಎವೆಲಿಯೋ. ಕಾರಿನ ವಿಷಯದಲ್ಲಿ ಅವನು ಬೀಗರಿಗೆ ಹೇಳಿದ ಮೊದಲ ನಿಜ ಅದು.

ಕೊನೆಯ ಕೊಕ್ಕೆ ಸಿಕ್ಕಿಸುವುದಕ್ಕೂ ಲಾಂಡ್ರಿ ವ್ಯಾನು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕಪ್ಪು ಕನ್ನಡಕ ಹಾಕಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ರಿಗೋ ಇಳಿದ. ದೂರದಿಂದ ನೋಡಿ ಹೋಗುವ ಮನುಷ್ಯ ನೆಟ್ಟಗೆ ಹತ್ತಿರವೇ ಬಂದ. ಅಚ್ಚುಕಟ್ಟಾಗಿ ಹೊದಿಸಿದ ಟಾರ್ಪಾಲನ್ನು ಕಂಡು ಅವನ ಮುಖ ಅರಳಿತು.

"ಭಾವಾ! ಇಷ್ಟು ಜೋಪಾನವಾಗಿ ನೋಡ್ಕೊಂಡಿದ್ದೀಯಲ್ಲೋ! ಬರೀ ಅನುಮಾನ ಪಟ್ಟೆ ನಾನು, ಪಾಪಿ!" ಎಂದು ಬನಿಯನ್ನಿನಲ್ಲಿದ್ದ ಭಾವನನ್ನು ತಬ್ಬಿಕೊಂಡ. ಮಿಗ್ದಾಲಿಯಾ ಮುಂದೆ ನುಗ್ಗಿ, "ನನ್ನ ತಮ್ಮ ರಿಗೋಬೆರ್ತೋ," ಎಂದು ಬೀಗರಿಗೆ ಪರಿಚಯ ಮಾಡಿಸುತ್ತಾ ತಮ್ಮನ ಪಾದದ ಮೇಲೆ ತನ್ನ ಹಿಮ್ಮಡಿ ಇಟ್ಟಳು.

"ಬನ್ನಿ, ಬನ್ನಿ," ಎಂದರು ಮೇಷ್ಟ್ರು ದುಃಖದ ದನಿಯಲ್ಲಿ. "ಸಮಯಕ್ಕೆ ಬಂದಿರಿ. ನಿಮ್ಮ ಭಾವನ ಕಾರಿಗೆ ಹಿಂಗಾಗಬಾರದಿತ್ತು."

"ಯಾರ ಕಾರಿಗೆ?" ಎಂದ ರಿಗೋ.

ಹಿಮ್ಮಡಿ ಒತ್ತಿತು. ರಿಗೋ ಅಕ್ಕನ ಮುಖ ನೋಡಿದ. ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ತುಟಿ ಮಾತ್ರ ಸದ್ದಿಲ್ಲದೆ ಯಾನೆಲಿಸ್, ಯಾನೆಲಿಸ್ ಎನ್ನುತ್ತಿತ್ತು. ಭಾವ ಆಕಾಶ ನೋಡುತ್ತಿದ್ದ. ರಿಗೋ ದಡ್ಡನಲ್ಲ, ಬೀಗ ಬಿಚ್ಚುವ ಕಸುಬಿನವನು. ಸೊಂಟನೋವಿನ ಕಥೆಯಿಂದ ಹಿಡಿದು ಎಲ್ಲವೂ ಅವನಿಗೆ ಒಂದೊಂದಾಗಿ ಬಿಚ್ಚಿಕೊಂಡಿತು. ಅವನ ಕುತ್ತಿಗೆ ಕೆಂಪಾಯಿತು. ಒಂದು ಮಾತು ಸಾಕಿತ್ತು, ಬಾಯಿಗೂ ಬಂದಿತ್ತು. ಅದನ್ನು ನುಂಗಿದ.

"ಹ್ಞಾ," ಎಂದ. "ಭಾವನ ಕಾರು. ಏನಾಯ್ತು ಭಾವನ ಕಾರಿಗೆ?"

ಎವೆಲಿಯೋ ತಡೆಯುವ ಮುಂಚೆ ಮೇಷ್ಟ್ರು ಕೊಕ್ಕೆ ಬಿಚ್ಚಿದರು. ಟಾರ್ಪಾಲು ಸರ್ರನೆ ಜಾರಿತು.

ರಿಗೋ ಕಪ್ಪು ಕನ್ನಡಕ ತೆಗೆದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ, ಬೆಳಿಗ್ಗೆ ಬಂದ ಹಾಗೆಯೇ, ಈಗ ಒಬ್ಬನೇ. ಮುಂದಿನ ಗಾಜಿನ ಬರಿದಾದ ಅಂಚನ್ನು ಬೆರಳಿಂದ ಸವರಿದ. ಅವನ ಎದೆಯೊಳಗಿಂದ ಒಂದು ಸದ್ದು ಹೊರಟಿತು. ಹದ್ದುಗಳೂ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದವು.

"ಭಾವಾ! ನಿನ್ನ ವೈಪರು! ಅಯ್ಯೋ, ನಿನ್ನ ಕಿಟಕಿ! ನಿನ್ನ ಹಿಂದಿನ ಗಾಜು! ಎಷ್ಟು ಕಷ್ಟ ಬಿದ್ದು ಹಾಕಿಸಿದ್ದಲ್ಲೋ ನೀನು! ಒಹಾಯೋ ಮುದುಕನೂ ಸತ್ತೋದ್ನಲ್ಲೋ!" ಎಂದು ಬಾನೆಟ್ಟಿಗೆ ಹಣೆ ಆನಿಸಿ, ಮುಸ್ಸಂಜೆಯ ಮಗುವಿನ ಹಾಗೆ ಅತ್ತ. ಎವೆಲಿಯೋ ಅವನ ಬೆನ್ನು ತಟ್ಟುತ್ತಾ, "ಇರ್ಲಿ ಬಿಡೋ, ಇರ್ಲಿ ಬಿಡು," ಎಂದ. ರಿಗೋ ಒಂದು ಸಲ ತಲೆಯೆತ್ತಿ ನೋಡಿದ. ಆ ನೋಟಕ್ಕೆ ಹೆದರಿ ಎವೆಲಿಯೋ ಕೈ ತೆಗೆದ.

ಈ ದೃಶ್ಯ ಮೇಷ್ಟ್ರ ಮೇಲೆ ಮಾಡಿದ ಪರಿಣಾಮ ಅಷ್ಟಿಷ್ಟಲ್ಲ. "ನೋಡು ಓಬ್ದುಲಿಯಾ, ನೋಡು," ಎಂದರು. "ಕಾರು ಕಳ್ಕೊಂಡೋನ ಕಣ್ಣಲ್ಲಿ ಒಂದು ಹನಿ ಇಲ್ಲ. ಅವನ ಭಾವಮೈದ ಅಳ್ತಿದ್ದಾನೆ! ಬೇರೆಯವರ ನಷ್ಟಕ್ಕೆ ಇಷ್ಟು ಅಳೋ ಮನುಷ್ಯನ್ನ ನಾನು ಜನ್ಮದಲ್ಲಿ ನೋಡಿಲ್ಲ."

"ನಾನೂ ನೋಡಿಲ್ಲ," ಎಂದು ಓಬ್ದುಲಿಯಾ ಮೂಗು ಒರೆಸಿಕೊಂಡರು.

"ನಿಜ ಹೇಳ್ತೀನಿ ಬೀಗರೇ, ಆ ಫೋಟೋ ನೋಡ್ದಾಗ ನಂಗೆ ಒಳಗೊಳಗೇ ಭಯ ಇತ್ತು. ಇಂಥಾ ಕಾರಿಟ್ಟೋರು ಜಂಬದವರಿರ್ತಾರೆ, ನಮ್ಮ ಮನೆಗೆ ಹೊಂದಲ್ಲ ಅಂತ. ಪರೀಕ್ಷೆ ಮಾಡೋಣ ಅಂತಾನೇ ಬಂದೆ. ಇವತ್ತು ಗೊತ್ತಾಯ್ತು. ನಿಮಗೆ ಈ ಕಾರಿನ ಮೇಲೆ ಒಂದು ಚೂರೂ ವ್ಯಾಮೋಹ ಇಲ್ಲ!"

"ಒಂದು ಚೂರೂ ಇಲ್ಲ," ಎಂದ ಎವೆಲಿಯೋ. ಇದೂ ನಿಜವೇ.

"ಹದ್ದಿನ ಹೊಟ್ಟೆಗೂ ಮರುಗೋ ಜೀವ!"

ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎವೆಲಿಯೋ ಬಚಾವಾಗುತ್ತಿದ್ದ. ಮದುವೆ ಉಳಿದಿತ್ತು, ಮಾನ ಉಳಿದಿತ್ತು, ರಿಗೋನ ಋಣವೊಂದು ಬಾಕಿಯಿತ್ತು, ಅಷ್ಟೇ. ಆದರೆ ಅವನನ್ನು ಹುಟ್ಟಿದಂದಿನಿಂದ ಯಾರೂ ಹೀಗೆ ಹೊಗಳಿರಲಿಲ್ಲ. ಹೊಗಳಿಕೆ ಬನಿಯನ್ನಿನ ಒಳಗೆಲ್ಲ ಹಬ್ಬಿ ಎದೆ ತಾನಾಗಿಯೇ ಉಬ್ಬಿತು. ತಾನು ನಿಜವಾಗಿಯೂ ಅಂಥವನೇ ಇರಬಹುದೆಂದು ಅವನಿಗೆ ಅನ್ನಿಸತೊಡಗಿತು.

"ಕಾರು ಅಂದ್ರೆ ಏನು ಮಹಾ ಬೀಗರೇ," ಎಂದ ಕೈಯೆತ್ತಿ. "ತಗಡು. ಮಕ್ಕಳ ಮದುವೆಗೆ ಇದನ್ನೇ ಉಡುಗೊರೆ ಕೊಟ್ಬಿಡ್ತೀನಿ! ಅವರೇ ಇಟ್ಕೊಳ್ಲಿ!"

ಮಿಗ್ದಾಲಿಯಾಳ ಕೈಯಿಂದ ತಿಂಡಿ ಡಬ್ಬಿ ಬಿತ್ತು. ಸೀಬೆಹಣ್ಣಿನ ಸಿಹಿತಿಂಡಿಗಳು ನೆಲದ ಮೇಲೆ ಉರುಳಿದವು, ಹದ್ದುಗಳು ಅವನ್ನು ನೋಡಿಯೂ ನೋಡದಂತೆ ನಿಂತವು. ಮೇಷ್ಟ್ರು ಬೀಗರನ್ನು ಬಾಚಿ ತಬ್ಬಿಕೊಂಡರು. ಆ ತಬ್ಬುಗೆಯೊಳಗಿಂದ, ಬೀಗರ ಹೆಗಲಿನಾಚೆ, ಎವೆಲಿಯೋನಿಗೆ ರಿಗೋನ ಮುಖ ಕಾಣಿಸಿತು. ಆಗ ತಾನು ಏನು ಹೇಳಿದೆನೆಂದು ಅವನಿಗೆ ಅರ್ಥವಾಯಿತು.

"ಸೋದರಮಾವ ನೀವು," ಎಂದು ಮೇಷ್ಟ್ರು ರಿಗೋನ ಕಡೆ ತಿರುಗಿದರು. "ನೀವೇನಂತೀರಿ?"

ರಿಗೋ ಬಾನೆಟ್ಟಿನ ಮೇಲಿದ್ದ ಹದ್ದಿನ ಉಗುರಿನ ಗೀರನ್ನು ಹೆಬ್ಬೆರಳಿಂದ ಉಜ್ಜಿದ. ಅದು ಹೋಗಲಿಲ್ಲ. ಆ ಸೀಟಿನಲ್ಲಿ ಯಾನೆಲಿಸ್ ಮದುವೆಯ ಬಿಳಿ ಬಟ್ಟೆಯಲ್ಲಿ ಕೂತದ್ದನ್ನು ಅವನು ಕಲ್ಪಿಸಿಕೊಂಡಿರಬೇಕು, ಮುಖ ಸ್ವಲ್ಪ ಸಡಿಲವಾಯಿತು.

"ಕೊಡ್ಲಿ," ಎಂದ ಕೊನೆಗೆ. "ಆ ಹುಡುಗಿಗೆ ಕೊಡೋದಾದ್ರೆ ಕೊಡ್ಲಿ. ಆದ್ರೆ ಹಿಂಗೇ ಕೊಟ್ರೆ ಚೆನ್ನಾಗಿರಲ್ಲ. ಹೊಸ ರಬ್ಬರನ್ನ ಭಾವನೇ ಕೈಯಾರೆ ಕೂರಿಸ್ಬೇಕು. ನನ್ನ ಶೆಡ್ಡಿಗೆ ಬರ್ಲಿ, ನಾನು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ಹೇಳ್ಕೊಡ್ತೀನಿ. ಮದುವೆ ದಿನದವರೆಗೂ, ಪ್ರತಿ ಭಾನುವಾರ."

"ಖಂಡಿತಾ ಬರ್ತಾರೆ!" ಎಂದರು ಮೇಷ್ಟ್ರು ಎವೆಲಿಯೋನ ಪರವಾಗಿ.

ಇಷ್ಟೂ ಹೊತ್ತು ಓಬ್ದುಲಿಯಾ ಲಾಂಡ್ರಿ ವ್ಯಾನನ್ನೇ ನೋಡುತ್ತಿದ್ದರು. ಅದರ ಮೈಮೇಲೆ ದೊಡ್ಡದಾಗಿ ಒಂದು ಅಂಗಿಯ ಚಿತ್ರ ಬರೆದಿತ್ತು. ಇಷ್ಟು ಒಳ್ಳೆಯ ಮನಸ್ಸಿನ ಮನುಷ್ಯ ಇಂಥ ಗಾಡಿಯಲ್ಲಿ ಓಡಾಡುವುದು ಅವರಿಗೆ ಸಂಕಟವಾಗಿರಬೇಕು. ರಿಗೋನ ತೋಳು ಮುಟ್ಟಿ ಮೆಲ್ಲಗೆ ಕೇಳಿದರು.

"ಯಾಕಪ್ಪಾ, ನಿಮಗೆ ಅಂತ ಸ್ವಂತ ಕಾರಿಲ್ವಾ?"

"ಇತ್ತಮ್ಮಾ," ಎಂದ ರಿಗೋ.